ಆಣೆ ಮಾಡಿಸುತ್ತಿದ್ದ ಡಾಕ್ಟರು

ಟಕ್, ಟಕ್. ಮೇಜಿನ ಗಾಜಿನ ಮೇಲೆ ಹವಳದುಂಗುರ ಬಡಿಯುವ ಸದ್ದು. ಬಳ್ಳಾರಿಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನಮ್ಮ ದೊಡ್ಡ ಡಾಕ್ಟರು ಮುಂದಿನ ಪೇಶಂಟನ್ನು ಕರೆಯುತ್ತಿದ್ದದ್ದು ಹಾಗೆ. ಹೆಸರು ಕೂಗುತ್ತಿರಲಿಲ್ಲ. ದಪ್ಪ ಬೆರಳು, ಗರಿಗರಿ ಇಸ್ತ್ರಿಯ ಬಿಳಿ ಕೋಟು, ಕಿವಿಯೊಳಗೆ ಅತ್ತರಿನ ಹತ್ತಿ. ದಿನಾ ಮದುವೆಗೆ ಹೊರಟವರಂತೆ ಡ್ಯೂಟಿಗೆ ಬರುತ್ತಿದ್ದರು.

ಎಪ್ಪತ್ತರ ದಶಕ ಶುರುವಾಗಿದ್ದ ಕಾಲ. ಕಾನ್ವೆಂಟಿನಲ್ಲಿ ಓದಿ ಬೆಳೆದ ಹುಡುಗಿ, ಡಾಕ್ಟರಾದ ಮೇಲೆ ಹೆರಿಗೆ ವಾರ್ಡು ಬಿಟ್ಟು ‘ಹುಚ್ಚರ ವಾರ್ಡೇ ಬೇಕು’ ಎಂದು ಹಟ ಹಿಡಿದರೆ ಯಾರು ಸೇರಿಸಿಕೊಳ್ಳುತ್ತಾರೆ? ನನ್ನನ್ನು ಅಸಿಸ್ಟೆಂಟ್ ಮಾಡಿಕೊಂಡವರು ಅವರೇ. ಉದಾರತೆಯಿಂದಲ್ಲ, ತಮ್ಮ ಇಂಗ್ಲಿಷಿಗೆ ತಲೆದೂಗಲು ಒಬ್ಬರು ಬೇಕಿತ್ತು. “ಕಾನ್ವೆಂಟಮ್ಮ, ಬರ್ರಿ ಇಲ್ಲಿ, ನಾ ಹೆಂಗ ಮಾಡ್ತೀನಿ ನೋಡ್ರಿ” ಎನ್ನುವರು. ನೋಡಿದೆ. ವಾಟ್ ಎ ಪರ್ಫಾರ್ಮೆನ್ಸ್.

ಜೀವ ಕಳೆದುಕೊಳ್ಳಲು ಹೋಗಿ ಉಳಿದವರನ್ನು ಮನೆಯವರು ಕರೆತರುತ್ತಿದ್ದರು. ಪೊಲೀಸ್ ಕೇಸಾದೀತೆಂದು ದನಿ ತಗ್ಗಿಸಿಯೇ ಮಾತು. ಅಂಥವರನ್ನು ಕೇಳಬೇಕಾದ್ದು ಬಹಳ ಇತ್ತು. ಆ ವಿಚಾರ ಈಗಲೂ ಬರುತ್ತದೆಯೇ, ಯಾವ ಹೊತ್ತಿಗೆ, ಹೀಗೇ ಎಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಾಗಿದೆಯೇ, ಆಗ ಪಕ್ಕದಲ್ಲಿ ಯಾರಿರುತ್ತಾರೆ. ದೊಡ್ಡ ಡಾಕ್ಟರು ಇದರಲ್ಲಿ ಒಂದನ್ನೂ ಕೇಳುತ್ತಿರಲಿಲ್ಲ. “ಸಾಯೋ ಮಾತು ಎತ್ತಿದ್ರ ಸಾಯೋ ಬುದ್ಧಿ ಬರ್ತೈತ್ರಿ” ಎಂಬುದು ಅವರ ಸೈಕಿಯಾಟ್ರಿ. ಬದಲಿಗೆ ಆಣೆ ಮಾಡಿಸುವರು. ತಾಯಂದಿರಾದರೆ ಮಗುವಿನ ತಲೆಯ ಮೇಲೆ ಕೈ ಇಡಿಸಿ, ತಮ್ಮೂರು ಕುರುಗೋಡಿನ ಬಸವಣ್ಣನನ್ನೂ ಜೊತೆಗೆ ಸೇರಿಸಿ, “ಇನ್ನ ಅಂಥಾ ವಿಚಾರ ಮಾಡಂಗಿಲ್ಲ” ಎಂದು ಹೇಳಿಸಿ ಮನೆಗೆ ಕಳಿಸುವರು. ಕೇಸ್ ಕ್ಲೋಸ್ಡ್. ಮನೆಯವರು ಕಾಲಿಗೆ ಬೀಳುವರು.

“ನೋಡಿದ್ರಾ, ಒಬ್ರಾರ ತಿರುಗಿ ಬಂದಾರೇನು?” ಎಂದು ಬೀಗುತ್ತಿದ್ದರು. ಬರುವುದಕ್ಕೆ ಜೀವವೇ ಇಲ್ಲದೆ ಬರದವರು ಅವರಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆ ಆ ಅತ್ತರಿನ ತಲೆಯೊಳಗೆ ಹೊಗಲೇ ಇಲ್ಲ.

ಸಿರುಗುಪ್ಪದ ರೈಸ್ ಮಿಲ್ಲಿನವರ ಸೊಸೆಯೊಬ್ಬಳು ಮಾತ್ರ ಬಂದಳು. ಕೆಲವು ತಿಂಗಳ ಹಿಂದೆ ಮಗನ ತಲೆ ಮುಟ್ಟಿ ಆಣೆ ಮಾಡಿ ಹೋದವಳು. ಈಗ ಬಂದದ್ದು ತನಗಾಗಿ ಅಲ್ಲ, ಮಗುವಿಗೆ ಜ್ವರವೆಂದು. ಸಾಧಾರಣ ನೆಗಡಿ ಜ್ವರ ಎಂದು ಮಕ್ಕಳ ಡಾಕ್ಟರು ಹೇಳಿದರೂ ಕಾರಿಡಾರಿನಲ್ಲಿ ಕೂಸನ್ನು ಅವುಚಿಕೊಂಡು ಕೂತುಬಿಟ್ಟಿದ್ದಳು, ಮನೆಗೆ ಹೊರಡಲೊಲ್ಲಳು. ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ.

“ಸಾಯೋ ವಿಚಾರ ಮತ್ತ ಬರಾಕ ಹತ್ತೈತೇನವ್ವ?”

“ಬರ್ತೈತ್ರಿ ಡಾಕ್ಟ್ರಮ್ಮ. ದಿನಾ ಬರ್ತೈತಿ. ಆಣಿ ಮುರದೀನಲ್ರಿ, ಅದಕ್ಕ ಕೂಸಿಗೆ ಜ್ವರ ಬಂದೈತಿ.”

“ನಿಮ್ಮ ಅತ್ತಿಗೆ ಹೇಳೀಯೇನು?”

“ಹೆಂಗ ಹೇಳ್ಲಿ? ನನ್ನ ಮೊಮ್ಮಗನ್ನ ತಿಂತೀಯೇನ ಅಂತಾರ್ರಿ.” ಮಗನ ಹಣೆ ಮುಟ್ಟಿ ನೋಡಿ, “ನಾ ಇದ್ದಷ್ಟು ದಿನ ಇವನಿಗೆ ಕೇಡು” ಎಂದಳು.

ಆಣೆ ಆ ವಿಚಾರವನ್ನು ತಡೆದಿರಲಿಲ್ಲ, ಬಾಯಿಯನ್ನು ಹೊಲಿದಿತ್ತು. ಈಗ ಮಗನನ್ನು ಉಳಿಸಲೆಂದೇ ಸಾಯಬೇಕು ಎನ್ನುವಲ್ಲಿಗೆ ತಂದು ನಿಲ್ಲಿಸಿತ್ತು. ಆಣೆ ಗೀಣೆ ಏನೂ ಇಲ್ಲ, ನಾನೇ ಬಿಡಿಸಿದೆನೆಂದುಕೋ ಎಂದೆ. ತಲೆ ಅಲ್ಲಾಡಿಸಿದಳು. “ನೀವು ಬಿಡಿಸಿದ್ರ ನಡಿಯಂಗಿಲ್ರಿ. ಇಡಿಸಿದವ್ರೇ ಬಿಡಿಸಬೇಕು.”

ದೊಡ್ಡ ಡಾಕ್ಟರು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು. ನಾನು ಹೇಳಿದ್ದು ಕೇಳಿ ನಕ್ಕರು. “ಆಣಿ ಬಿಡಿಸೋದಾ? ಅಂದ್ರ ಹೋಗಿ ಸಾಯವ್ವ ಅಂತ ಪರ್ಮಿಶನ್ ಕೊಟ್ಟಂಗಾತಲ್ರಿ. ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನ ಕಲಿಸಿದ್ರೇನು?”

ವೈದ್ಯಶಾಸ್ತ್ರ ಹೇಳಿದೆ. ಮನುಷ್ಯತ್ವ ಹೇಳಿದೆ. ಮಿರ್ಚಿ ಕಚ್ಚುತ್ತಲೇ ಇದ್ದರು. ಕೊನೆಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದೆ: “ಸರ್, ಈಕಿಗೆ ಏನಾರ ಆದ್ರ, ನಿಮ್ಮ ಆಣಿ ಹುಸಿ ಹೋತು ಅಂತ ಸಿರುಗುಪ್ಪ ತುಂಬ ಸುದ್ದಿ ಆಗ್ತೈತ್ರಿ. ಮಿಲ್ಲಿನವ್ರ ಮನಿ.”

ಅಗಿಯುವುದು ನಿಂತಿತು.

ಕೈ ಒರೆಸಿಕೊಂಡು ಹೊರಗೆ ಬಂದು ಮಗುವಿನ ತಲೆಯ ಮೇಲೆ ಕೈಯಿಟ್ಟರು. “ಏ ಕೂಸೇ, ನಾ ಇಡಿಸಿದ ಆಣಿ ನಾನೇ ತೆಗದೀನಿ. ನಿಮ್ಮವ್ವ ಏನ್ ವಿಚಾರ ಮಾಡಿದ್ರೂ ನಿನಗ ತಟ್ಟಂಗಿಲ್ಲ. ಆತಿಲ್ಲೋ?” ಅಷ್ಟೇ ಹೇಳಿ ಒಳಗೆ ಹೋದರು. ಆ ತಾಯಿಯ ಮುಖವನ್ನೊಮ್ಮೆಯೂ ನೋಡಲಿಲ್ಲ.

ಅವಳು ಅತ್ತಳು. ಅತ್ತು ಮುಗಿದ ಮೇಲೆ ಎಲ್ಲ ಹೇಳಿದಳು. ಅಂದೇ ವಾರ್ಡಿಗೆ ಸೇರಿಸಿಕೊಂಡು ಅತ್ತೆಯನ್ನು ಕರೆಸಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಆಕೆ ಕೇಳಿದ್ದು, “ನನ್ನ ಮುಂದ ಯಾಕ ಹೇಳ್ಲಿಲ್ಲವ್ವ?” ಎಂದಷ್ಟೇ. ಮೂವರೂ ಕೂತು ಗೊತ್ತು ಮಾಡಿದೆವು: ಆ ವಿಚಾರ ಬಂದ ಹೊತ್ತು ಒಬ್ಬಳೇ ಇರಬಾರದು, ಅತ್ತೆಗೆ ಹೇಳಬೇಕು, ಅಪಾಯದ್ದೇನೂ ಮನೆಯಲ್ಲಿ ಕೈಗೆಟುಕಬಾರದು, ತಡೆಯಲಾಗದಿದ್ದರೆ ಮೊದಲು ಸಿಕ್ಕ ಬಸ್ಸಿಗೆ ಇಬ್ಬರೂ ಬಳ್ಳಾರಿಗೆ ಬರಬೇಕು. ಪ್ರಾಮಿಸ್ ಯಾವುದನ್ನೂ ಕೇಳಲಿಲ್ಲ. ಮುಂದೆ ನನ್ನ ಇಡೀ ಸರ್ವೀಸಿನಲ್ಲಿ ಯಾರನ್ನೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ನಾನು ದೊಡ್ಡ ಡಾಕ್ಟರ ಶಿಷ್ಯೆ. ಐ ಮಸ್ಟ್ ಬಿ ಫೇರ್.

ಎಂಬತ್ತರ ದಶಕದಲ್ಲಿ ಅವರು ರಿಟೈರ್ ಆದಾಗ ಕುರುಗೋಡಿನಲ್ಲಿ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣದಲ್ಲಿ ಆ ಕೇಸನ್ನೇ ಹೇಳಿದರು. ಆಣೆ ಬಿಡಿಸಿದ್ದು ಬಿಟ್ಟು, ಇಡಿಸಿದ್ದಷ್ಟನ್ನೇ. ಚಪ್ಪಾಳೆ. ಮೀಸೆ ಮೂಡುತ್ತಿದ್ದ ಮಗನೊಂದಿಗೆ ಸಿರುಗುಪ್ಪದಿಂದ ಅವಳೂ ಬಂದಿದ್ದಳು. ವೇದಿಕೆ ಹತ್ತಿ ಕಾಲು ಮುಟ್ಟಿ, ಮೈಕಿಗೆ ಕೇಳುವ ಹಾಗೆಯೇ ಹೇಳಿದಳು.

“ಸಾಹೇಬ್ರ, ಈಗೂ ಒಮ್ಮೊಮ್ಮಿ ಬರ್ತೈತ್ರಿ ಆ ವಿಚಾರ. ಬಂದ ದಿನ ನಮ್ಮ ಅತ್ತಿಗೆ ಹೇಳಿಬಿಡ್ತೀನ್ರಿ.”

ಅವರು ಮೈಕಿಗೆ ಅಂಗೈ ಅಡ್ಡ ಹಿಡಿದರು. “ಶುಭಕಾರ್ಯದಾಗ ಅದೆಲ್ಲ ಬ್ಯಾಡವ್ವ” ಎಂದು ಫೋಟೋಗ್ರಾಫರನ ಕಡೆ ತಿರುಗಿದರು.

ಅವಳು ಇಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಇತ್ತೀಚೆಗೆ ಯಾವಾಗ ಬಂದಿತ್ತು ಎಂದು ಕೇಳಿದೆ. ಹೇಳತೊಡಗಿದಳು. ದೊಡ್ಡ ಡಾಕ್ಟರನ್ನು ನಾನು ಕೊನೆಯ ಸಲ ಕಂಡದ್ದು ಆಗಲೇ, ಅವಳ ಭುಜದಾಚೆ, ಪೇಟ ಸರಿ ಮಾಡಿಕೊಂಡು ಕ್ಯಾಮೆರಾಕ್ಕೆ ನಗುತ್ತಿದ್ದರು.