ಎರಡನೇ ಸಲ ಕಡೆದ ಬೆಣ್ಣೆ

ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನೇ ಸ್ವಲ್ಪ ಎಳೆದು ಹೇಳುತ್ತೇನೆ, ಅಷ್ಟೆ. ಹತ್ತು ನಿಮಿಷ ಬಸ್ಸಿಗೆ ಕಾದಿದ್ದರೆ ಅರ್ಧ ದಿನ ಎನ್ನುತ್ತೇನೆ. ನಾಯಿ ಗುರ್ ಎಂದಿದ್ದರೆ ಮೊಣಕಾಲಿಗೇ ಬಾಯಿ ಹಾಕಿತ್ತು ಎನ್ನುತ್ತೇನೆ. ಕೇಳುವವರಿಗೂ ಖುಷಿ, ನಾಯಿಗೂ ಮರ್ಯಾದೆ. ಆದರೆ ಈಗ ಹೇಳಹೊರಟಿರುವುದನ್ನು ಒಂದಿಂಚೂ ಎಳೆದಿಲ್ಲ. ಎಳೆಯುವ ಅಗತ್ಯವೇ ಬೀಳಲಿಲ್ಲ. ಅದು ನಡೆದು ಮೂರು ವಾರವಾಯಿತು, ಅಂದು ತೆರೆದ ನನ್ನ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ಎಲ್ಲ ಶುರುವಾದದ್ದು ನನ್ನ ತಂಗಿ ನೀಲುವಿನಿಂದ. ಅವ್ವನಿಗೆ ಇಳಕಲ್ಲಿನ ದವಾಖಾನೆಗೆ ವರ್ಗವಾಗಿ, ಕುಳಗೇರಿ ಕ್ರಾಸಿನಿಂದ ನಾವೆಲ್ಲ ಇಲ್ಲಿಗೆ ಬಂದೆವು. ಜೂನಿನಲ್ಲಿ ನೀಲುವನ್ನು ಹೊಸ ಶಾಲೆಯ ಎರಡನೇ ತರಗತಿಗೆ ಹಾಕಿದರು. ಎರಡು ವಾರ ಕಳೆದರೂ ಅವಳ ಪಕ್ಕ ಯಾರೂ ಕೂರಲಿಲ್ಲ. ಮಧ್ಯಾಹ್ನದ ಡಬ್ಬಿಯನ್ನು ಗೋಡೆಗೆ ಮುಖ ಮಾಡಿ ತಿಂದು ಬರುತ್ತಿದ್ದಳು. ಒಂದು ಸಂಜೆ ಅವಳನ್ನು ಸಮಾಧಾನ ಮಾಡಲು ಹೋಗಿ ನಾನೊಂದು ಮಾತು ಎಸೆದೆ. ‘ನಿನ್ನ ಹುಟ್ಟಿದ ಹಬ್ಬಕ್ಕ ಮನ್ಯಾಗ ಕೇಕ್ ಮಾಡ್ತೇನಿ. ಮ್ಯಾಲೆ ಬಟರ್‌ಕ್ರೀಮ್, ಅದರ ಮ್ಯಾಲೆ ಬಣ್ಣಬಣ್ಣದ ಸಕ್ಕರಿ ಮಣಿ. ಇಳಕಲ್ಲಾಗ ಅಂಥಾದ್ದು ಯಾರೂ ನೋಡಿರಬಾರದು!’

ಇದು ಮನೆಯೊಳಗೆ ಕೊಚ್ಚಿಕೊಂಡ ಮಾತು. ಹೊರಗೆ ಒಯ್ಯುವುದಕ್ಕಲ್ಲ. ನೀಲು ಅದನ್ನು ಮರುದಿನವೇ ಶಾಲೆಗೆ ಒಯ್ದು, ತರಗತಿಯ ನಡುವೆ ನಿಂತು ಸಾರಿ, ನಾಲ್ಕು ಹುಡುಗಿಯರನ್ನು ಭಾನುವಾರ ಸಂಜೆ ಐದಕ್ಕೆ ಕರೆದು ಬಂದಳು. ‘ಮಣಿ ಕೇಕ್ ಇರಲಿಲ್ಲಂದ್ರ ನಿನ್ನ ಜೋಡಿ ಮಾತಾಡೂದಿಲ್ಲ’ ಎಂದು ಸಾನಿಯಾ ಎಂಬ ಹುಡುಗಿ ಎಚ್ಚರಿಕೆಯನ್ನೂ ಕೊಟ್ಟಿದ್ದಳಂತೆ. ಎಳೆದವನು ನಾನು, ಹರಿದರೆ ಬೀಳುವವಳು ಅವಳು.

ಬಟರ್‌ಕ್ರೀಮಿನ ಬಗ್ಗೆ ನನಗಿದ್ದ ವಿದ್ಯೆ ಎಂದರೆ ಮೊಬೈಲಿನಲ್ಲಿ ನೋಡಿದ ಒಂದೂವರೆ ವಿಡಿಯೋ. ಉಳಿದರ್ಧಕ್ಕೆ ನೆಟ್‌ವರ್ಕ್ ಸಿಗಲಿಲ್ಲ. ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಮೋಡದ ಹಾಗೆ ಹಗುರಾಗುವ ತನಕ ಬಡಿಯಬೇಕು, ಅಷ್ಟೆ. ವಿಡಿಯೋದಲ್ಲಿ ಬಡಿಯುತ್ತಿದ್ದ ಹೆಂಗಸು ಸ್ವೆಟರ್ ಹಾಕಿಕೊಂಡಿದ್ದಳು. ಆ ಸ್ವೆಟರನ್ನು ನೋಡಿಯೇ ನಾನು ಯೋಚಿಸಬೇಕಿತ್ತು. ನಮ್ಮಲ್ಲಿ ಜೂನ್ ಬಂದರೂ ಬಿಸಿಲು ಹೋಗಲು ಮನಸ್ಸು ಮಾಡುವುದಿಲ್ಲ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯನ್ನು ಇಕ್ಕಳದಲ್ಲಿ ಹಿಡಿದು ತರಬೇಕು.

ಮಣಿಗಳಿಗಾಗಿ ಬಾಗಲಕೋಟೆಗೆ ಹೋಗಿ ಬಂದೆ. ಹೋಗುವಾಗ ಹುನಗುಂದದ ತನಕ ಒಂದೇ ಕಾಲಿನ ಮೇಲೆ ನಿಂತಿದ್ದೆ. ಇನ್ನೊಂದು ಕಾಲು ಒಬ್ಬ ಮುದುಕರ ಗೋಧಿ ಚೀಲದ ಕೆಳಗಿತ್ತು. ಬೆಣ್ಣೆಗೆ ಮಾತ್ರ ಎಲ್ಲೂ ಹೋಗಬೇಕಿರಲಿಲ್ಲ. ಮನೆಯಲ್ಲಿ ಆಯಿ ಇದ್ದಳು. ಆಯಿ ಅಂದರೆ ನಮ್ಮಪ್ಪನ ತಾಯಿ. ದಿನವೂ ಹಾಲಿನ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಕಡೆದು, ಬೆಣ್ಣೆಯ ಉಂಡೆಗಳನ್ನು ಗಡಿಗೆಯ ನೀರಿನಲ್ಲಿ ತೇಲಿಬಿಡುತ್ತಾಳೆ. ಬಿಸಿ ರೊಟ್ಟಿಯ ಮೇಲೆ ಅದನ್ನು ಸವರಿ, ಶೇಂಗಾ ಹಿಂಡಿ ಉದುರಿಸಿ ಕೊಟ್ಟರೆ ನಾನು ಎಣಿಸದೆ ತಿನ್ನುತ್ತೇನೆ.

ಭಾನುವಾರ ಅವ್ವನಿಗೂ ಡ್ಯೂಟಿ, ಬಸ್ ಓಡಿಸುವ ಅಪ್ಪನಿಗೂ ಡ್ಯೂಟಿ. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು ಬೇಯಿಸಿದ ಕೇಕ್ ಚೆನ್ನಾಗಿಯೇ ಎದ್ದಿತು. ಬಡಿಯುವ ಯಂತ್ರ ಇರಲಿಲ್ಲವಾದ್ದರಿಂದ ಬೆಣ್ಣೆಗೆ ಕಡಗೋಲನ್ನೇ ಹಾಕಿದೆ. ಆಯಿ ನೋಡಿ ಕಂಗಾಲಾದಳು.

‘ಏನೋ ಇದು ಸಂಗ್ಯಾ! ಕಡದು ಬೆಣ್ಣಿ ತಗದು ಇಟ್ಟೇನಿ. ಅದನ್ನ ಮತ್ತ ಕಡ್ಯಾಕ ಹತ್ತೀಯಲ್ಲ, ತಿರುಗಿ ಹಾಲ ಮಾಡಿ ಎಮ್ಮಿ ಕೆಚ್ಚಲಕ್ಕ ಹಾಕಾಂವೇನು?’

‘ನಿನಗ ತಿಳಿಯೂದಿಲ್ಲ ಆಯಿ. ಇದು ಫಾರಿನ್ ಪದ್ಧತಿ.’

‘ಫಾರಿನ್ನಾಗ ಮಂದಿಗೆ ಬ್ಯಾರೆ ಕೆಲಸ ಇಲ್ಲೇನು?’

ಮೊದಲು ನೀರು ಬಿಟ್ಟಿತು. ಬಸಿದು ಬಡಿದೆ. ಮತ್ತೆ ನೀರು ಬಿಟ್ಟಿತು. ಬೆಣ್ಣೆಯದೋ ನನ್ನ ಬೆವರಿನದೋ ಎಂದು ವಿಚಾರಿಸಲಿಲ್ಲ, ಬಸಿದು ಬಡಿದೆ. ಸಕ್ಕರೆ ಪುಡಿ ಹಾಕಿ ಇನ್ನಷ್ಟು ಬಡಿದ ಮೇಲೆ, ನಂಬಿದರೆ ನಂಬಿ, ಅದು ಮೋಡವಾಯಿತು. ನನಗೇ ದಿಗಿಲಾಯಿತು. ನಾನು ಹೇಳಿದ್ದು ಹೇಳಿದ ಹಾಗೆಯೇ ಆದದ್ದು ಹದಿನಾರು ವರ್ಷದಲ್ಲಿ ಅದೇ ಮೊದಲು.

ಹಿಂದೊಮ್ಮೆ ಶಾಲೆಯಿಂದ ಬಾದಾಮಿ, ಪಟ್ಟದಕಲ್ಲಿಗೆ ಕರೆದೊಯ್ದಿದ್ದರು. ಅಲ್ಲಿನ ಶಿಲ್ಪಗಳ ಕೊರಳಲ್ಲಿ, ಸೊಂಟದಲ್ಲಿ ಸಾಲುಸಾಲು ಮಣಿ. ಒಂದೊಂದನ್ನೂ ಕೂತು ಕೆತ್ತಿದ್ದಾರೆ. ಬಟ್ಟಲಿನ ಮೋಡದ ಮೇಲೆ ಬಣ್ಣದ ಮಣಿ ಉದುರಿಸುವಾಗ ನನಗೆ ಆ ಶಿಲ್ಪಿಗಳ ನೆನಪಾಗಿ, ನಾವೆಲ್ಲ ಒಂದೇ ಕಸುಬಿನವರು ಎನಿಸಿ ಕಣ್ಣು ತುಂಬಿಬಂತು. ಒಂದೇ ವ್ಯತ್ಯಾಸ. ಕಲ್ಲು ಕರಗುವುದಿಲ್ಲ. ಆ ಅನುಕೂಲ ಅವರಿಗಿತ್ತು.

ಕೇಕಿನ ಬಿಸಿ ಇನ್ನೂ ಆರಿರಲಿಲ್ಲ. ಕರೆಂಟ್ ಹೋಗಿ ಫ್ರಿಜ್ ಕಪಾಟಾಗಿತ್ತು. ಬಟ್ಟಲನ್ನು ತಣ್ಣೀರಿನ ಪರಾತದಲ್ಲಿಟ್ಟು, ಒಂಬತ್ತು ಫೋಟೋ ತೆಗೆದು, ತಲೆ ಬಾಚಿಕೊಳ್ಳಲು ಹೋದೆ. ಬಾಣಸಿಗನೂ ಫೋಟೋದಲ್ಲಿ ಚೆನ್ನಾಗಿ ಕಾಣಬೇಕಲ್ಲ. ನನ್ನ ಕೂದಲು ಒಂದು ಮಾತಿಗೆ ಕೇಳುವಂಥದ್ದಲ್ಲ, ಅರ್ಧ ಗಂಟೆ ಹಿಡಿಯಿತು.

ತಿರುಗಿ ಬಂದಾಗ ಅಡುಗೆಮನೆ ತುಂಬ ತುಪ್ಪದ ಘಮ. ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ವೀಳ್ಯದೆಲೆ, ಪಕ್ಕದಲ್ಲಿ ಸೋಸುವ ಅರಿವೆ ಹಿಡಿದ ಆಯಿ. ಪರಾತದಲ್ಲಿ ನೀರಿತ್ತು. ಬಟ್ಟಲು ಖಾಲಿ.

‘ಬೆಣ್ಣಿ ತೆರದಿಟ್ಟು ಹೋಗಿದ್ದೆಲ್ಲೋ, ತುಂಬ ಇರಿವಿ ಹತ್ತಿದ್ದುವು!’ ಎಂದಳು ಆಯಿ. ‘ಆರಿಸಿ ತಗೀಬೇಕಂದ್ರ ಒಂದ ಎರಡ? ಅದಕ್ಕ ಕಾಸಿ ಸೋಸಾಕ ಹತ್ತೇನಿ. ತುಪ್ಪಕ್ಕ ಏನೂ ಆಗೂದಿಲ್ಲ, ಹೆದರಬ್ಯಾಡ.’

ನಮ್ಮ ಮನೆಯ ಕಾನೂನೇ ಅದು. ಬೆಣ್ಣೆಗೆ ಇರುವೆ ಹತ್ತಿದರೆ ಚೆಲ್ಲುವುದಿಲ್ಲ, ಕಾಸಿ ಸೋಸುತ್ತಾರೆ. ಆಯಿಯ ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದರದು ದೀಪಾವಳಿ ಆದ ಮೇಲೆ. ಆವತ್ತು ಅವಳು ನೋಡಿದ್ದು ಆ ಇನ್ನೊಂದರಿಂದ ಎಂದು ಕಾಣುತ್ತದೆ.

‘ಆಯಿ! ಅವು ಇರಿವಿ ಅಲ್ಲ!’

‘ನನಗ ಹೇಳ್ತೀಯೇನೋ? ಕೆಂಪನವೂ ಇದ್ದುವು, ಕರೀವೂ ಇದ್ದುವು. ಹಸರ ಇರಿವಿ ಮಾತ್ರ ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ. ಸೋಸಿದ್ರ ಒಂದೂ ಸಿಗವಲ್ಲದು ನೋಡು, ಎಲ್ಲಾ ಕರಗಿಬಿಟ್ಟಾವ. ಎಂಥಾ ಊರಿಗೆ ಬಂದೇವೋ ಶಿವನ!’

ಗದ್ದಲ ಕೇಳಿ ನೀಲುವೂ ಓಡಿ ಬಂದಳು. ನಾನು ನೆಲಕ್ಕೆ ಕೂತೆ. ಮೇಲಿನ ತುಪ್ಪವನ್ನು ಆಯಿ ಡಬ್ಬಿಗೆ ಬಸಿದುಕೊಂಡಳು. ತಳದಲ್ಲಿ ಸಕ್ಕರೆ ಕರಗಿ, ಸೀದು, ಕಂದು ಬಣ್ಣದ ಅಂಟಾಗಿ ಕುದಿಯುತ್ತಿತ್ತು. ಅಷ್ಟರಲ್ಲಿ ಹೊರಗೆ ನಾಲ್ಕು ಜೊತೆ ಚಪ್ಪಲಿಯ ಸದ್ದಾಯಿತು. ಗಾಬರಿಯಲ್ಲಿ ಆ ಅಂಟನ್ನೇ ಕೇಕಿನ ಮೇಲೆ ಸುರಿದೆ. ಅದು ನೋಡನೋಡುತ್ತಿದ್ದಂತೆ ಬಿಗಿದುಕೊಂಡಿತು.

ನೀಲು ಹೊಸ ಫ್ರಾಕಿನಲ್ಲಿ ಚಾಕು ಹಿಡಿದು ನಿಂತಳು. ಚಾಕು ಇಳಿಯಲಿಲ್ಲ. ಎರಡೂ ಕೈ ಹಾಕಿ ಒತ್ತಿದಳು. ಚಾಕು ಬಾಗಿತು. ಎರಡು ಜಡೆಯ ಸಾನಿಯಾ ಕೇಕಿನ ಸುತ್ತ ಒಂದು ಸುತ್ತು ಬಂದು, ‘ಮಣಿ ಎಲ್ಲೆದಾವ?’ ಎಂದಳು.

ನೀಲು ನನ್ನ ಮುಖ ನೋಡಿದಳು. ನನ್ನ ನಾಲಿಗೆಯ ತುದಿಯಲ್ಲಿ ಮೂರು ಉತ್ತರ ತಯಾರಿದ್ದವು. ಮಣಿ ಒಳಗಿವೆ ಎಂಬುದು ಒಂದು, ವಿದೇಶದಲ್ಲಿ ಈಗ ಮಣಿ ಹಾಕುವುದನ್ನು ಬಿಟ್ಟಿದ್ದಾರೆ ಎಂಬುದು ಇನ್ನೊಂದು, ಮೂರನೆಯದರಲ್ಲಿ ತಪ್ಪೆಲ್ಲ ಬೆಕ್ಕಿನದು. ಯಾವುದನ್ನು ಬಿಡಲಿ ಎಂದು ನೋಡುತ್ತಿರುವಾಗಲೇ ನೀಲು ತಲೆ ತಗ್ಗಿಸಿ, ‘ನಮ್ಮ ಆಯಿ ಇರಿವಿ ಅಂತ ತಿಳದು ಕಾಸಿಬಿಟ್ಲು’ ಎಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು, ಇನ್ನು ಏಳನೇ ತರಗತಿಯ ತನಕ ಇವಳಿಗೆ ಗೋಡೆಯೇ ಗತಿ.

‘ಖರೇನ?’ ಸಾನಿಯಾಳ ದನಿ. ‘ನಮ್ಮ ದಾದಿ, ಅಂದ್ರ ನಮ್ಮನಿ ಆಯಿ, ಏನ್ ಮಾಡ್ಯಾಳ ಗೊತ್ತೈತೇನು? ಸಾಲಿ ಚಾರ್ಟಿಗೆ ಕಾಳು ಹಚ್ಚಿ ನಾ ನವಿಲ ಮಾಡಿದ್ನೆಲ್ಲಾ, ಕಾಳು ಹಾಳಾಗ್ತಾವಂತ ಕೆದರಿ ಉಸಳಿ ಮಾಡಿಬಿಟ್ಲು! ನವಿಲ ಊಟದಾಗ ಬಂತು!’

ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಐವರೂ ನೆಲದ ಮೇಲಿದ್ದರು. ಉಳಿದ ಮೂವರಿಗೂ ಮನೆಯಲ್ಲಿ ಒಂದೊಂದು ಮುದುಕಿ, ಒಂದೊಂದು ಅನಾಹುತ. ಒಬ್ಬಳ ಬಣ್ಣದ ಪುಡಿ ಸಾರಿಗೆ ಬಿದ್ದಿತ್ತು, ಇನ್ನೊಬ್ಬಳ ಗೊಂಬೆಯ ಲಂಗ ಒಲೆ ಒರೆಸುವ ಬಟ್ಟೆಯಾಗಿತ್ತು. ತನ್ನಂಥ ಮುದುಕಿಯರ ಸುದ್ದಿ ಇಷ್ಟೊಂದು ಕೇಳಿ ಖುಷಿಯಾದ ಆಯಿ ಒಳಗಿನಿಂದ ಕುಟ್ಟುವ ಗುಂಡುಕಲ್ಲು ತಂದು, ‘ಸರೀರಿ ಎಲ್ಲಾರೂ’ ಎಂದು ಕೇಕಿನ ಮೇಲೆ ಒಂದೇಟು ಹಾಕಿದಳು. ಮಕ್ಕಳು ಚೂರುಗಳನ್ನು ನೆಲದಿಂದ ಹೆಕ್ಕಿ ಹೆಕ್ಕಿ ಚಪ್ಪರಿಸಿದರು. ವೀಳ್ಯದೆಲೆಯ ವಾಸನೆಯ ಸೀದ ಸಕ್ಕರೆಯನ್ನು ಹೀಗೆ ತಿನ್ನುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋಗುವಾಗ ಹೊಸ್ತಿಲ ಮೇಲೆ ನಿಂತು ಸಾನಿಯಾ ಹೇಳಿದಳು: ‘ನೀಲು, ನಾಳೆ ನನ್ನ ಬಾಜೂಕ ಕುಂಡ್ರು. ಯಾರರ ಕುಂತ್ರ ಎಬ್ಬಸ್ತೇನಿ.’

ನನ್ನ ಮೂರು ಸುಳ್ಳುಗಳು ಹಾಗೆಯೇ ಉಳಿದವು. ಎಷ್ಟೋ ವರ್ಷದಿಂದ ಜನರ ಬಾಯಿ ತೆರೆಸಲು ನಾನು ದೊಡ್ಡದೊಡ್ಡದು ಮಾಡಿ ಹೇಳುತ್ತ ಬಂದವನು. ಅವರು ಬಾಯಿ ತೆರೆಯುತ್ತಿದ್ದರು, ಆಹಾ ಎನ್ನುತ್ತಿದ್ದರು, ಎದ್ದು ಹೋಗುತ್ತಿದ್ದರು. ಕೆಟ್ಟುಹೋದದ್ದನ್ನು ಕೆಟ್ಟ ಹಾಗೆಯೇ ಹೇಳಿದರೆ ಜನ ಕೂತುಕೊಳ್ಳುತ್ತಾರೆ, ತಮ್ಮದನ್ನೂ ತೆಗೆಯುತ್ತಾರೆ. ಇದು ಏಳು ವರ್ಷದವಳಿಗೆ ಗೊತ್ತಿತ್ತು ಎಂಬುದೇ ನನಗೆ ಆ ದಿನದ ದೊಡ್ಡ ಆಘಾತ ಎಂದುಕೊಂಡಿದ್ದೆ.

ಅಲ್ಲ. ಅದಕ್ಕಿಂತ ದೊಡ್ಡದು ಸೋಮವಾರ ಸಂಜೆ ಬಂತು. ಇಡೀ ತರಗತಿಗೆ ಕಥೆ ಹೇಳಿದೆ, ಟೀಚರ್ ಕೂಡ ನಕ್ಕರು ಎಂದು ನೀಲು ಜಿಗಿಯುತ್ತ ಬಂದಳು. ಕಥೆಯ ತುಂಬ ಆಯಿ, ಇರುವೆ, ಗುಂಡುಕಲ್ಲು, ಸಾನಿಯಾಳ ನವಿಲು. ನಾನು ಗಂಟಲು ಸರಿಮಾಡಿಕೊಂಡು, ‘ಅದರಾಗ ನಾ ಎಲ್ಲಿ ಬರ್ತೇನಿ?’ ಎಂದು ಕೇಳಿದೆ.

ನೀಲು ಸ್ವಲ್ಪ ಯೋಚಿಸಿದಳು.

‘ನೀ ತಲಿ ಬಾಚ್ಕೋಳಾಕ ಹೋಗಿದ್ದಿ’ ಎಂದಳು.