ನಾರಾಯಣಗೂಡದಲ್ಲಿ ಕೇಳಿದ ಲಂಕೆಯ ಸುದ್ದಿ

ಬಸವಕಲ್ಯಾಣದಿಂದ ಬಂದವಳು ನಾರಾಯಣಗೂಡದ ಕೋಚಿಂಗ್ ಸೆಂಟರಿನ ಎದುರು ಚಹಾದಂಗಡಿಯಲ್ಲಿ ಕೂತೆ. ಮೊಮ್ಮಗಳು ಸುಧಾ ನನ್ನ ತಂಗಿಯ ಮನೆಯಲ್ಲಿದ್ದು ಇಲ್ಲಿ ಓದುತ್ತಾಳೆ. ತಂಗಿ ದಿನಾ ಬುತ್ತಿ ತಂದುಕೊಡುತ್ತಾಳಂತೆ; ಇವತ್ತೂ ತಂದು ನನ್ನ ಪಕ್ಕ ಕೂತಿದ್ದಳು. ಮೈದುನರ ಜೊತೆ ಹೊಲದ ಜಗಳ ಹಚ್ಚಿಕೊಂಡು ನಾನು ಒಮ್ಮೆಯೂ ಬಂದಿರಲಿಲ್ಲ.

ಕ್ಲಾಸು ಮುಗಿಸಿ ಬಂದ ಸುಧಾ ನಾನು ತಂದ ಶೇಂಗಾ ಹೋಳಿಗೆ ಮುರಿದು ಮೊದಲ ಚೂರನ್ನು ನನ್ನ ತಂಗಿಯ ಬಾಯಿಗಿಟ್ಟಳು. ನನ್ನ ಹೊಟ್ಟೆ ಉರಿಯಿತು.

"ಇವತ್ತ ಏನ್ ಕಲಿಸಿದ್ರು?" ಎಂದೆ.

"ಚೋಳರು ಲಂಕಾ ಯಾಕ ಕಳಕೊಂಡ್ರು ಅಂತ, ಆಯಿ. ಸಮುದ್ರ ದಾಟಿ ಗೆದ್ದಿದ್ರು. ಆಮ್ಯಾಲ ಇಲ್ಲಿ ನಮ್ಮ ಕಲ್ಯಾಣದ ಅರಸರ ಕೂಡ ಯುದ್ಧ, ಮನ್ಯಾಗ ಗದ್ದುಗಿ ಜಗಳ. ಆ ಕಡೆ ಲಕ್ಷ್ಯ ಕೊಡಲಿಲ್ಲ. ಅಲ್ಲೇ ಇದ್ದವರು ಕಸಗೊಂಡ್ರು."

"ಕಸಗೊಳ್ಳಾರ್ದ ಬಿಡ್ತಾರೇನ?" ಎಂದು ತಂಗಿ ಹುಡುಗಿಯ ಜಡೆ ಸರಿಮಾಡಿದಳು. "ಅಕ್ಕಾ, ಸಂಜೀ ಬಸ್ಸಿಗೆ ಹೊಂಟಿಯಲ್ಲ?"

"ಇಲ್ಲ. ಇಲ್ಲೇ ಇರ್ತೀನಿ."

ತಂಗಿ ಜಡೆ ಬಿಟ್ಟು ನನ್ನ ಕಡೆ ತಿರುಗಿದಳು. "ಮತ್ತ ಹೊಲ?"

"ಹೊಲ ಹಾಳಾಗಿ ಹೋಗಲಿ. ಇವತ್ತ ನಿನ್ನ ಮನ್ಯಾಗ ರೊಟ್ಟಿ ನಾನ ಬಡೀತೀನಿ."