ಇವರು ಬಡಿದ ಚಾಕು

ಗಂಡಸರ ಹವ್ಯಾಸಗಳ ಬಗ್ಗೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಮುಂದೆ ಓದುವವರು ನನ್ನಿಂದ ನ್ಯಾಯ ನಿರೀಕ್ಷಿಸುವುದು ಬೇಡ. ಹೆಂಗಸರಿಗೆ ಹವ್ಯಾಸ ಹತ್ತಿದರೆ ಮನೆಗೊಂದು ಉಪ್ಪಿನಕಾಯಿಯೋ ಬಾಗಿಲಿಗೊಂದು ತೋರಣವೋ ಬರುತ್ತದೆ. ಗಂಡಸರಿಗೆ ಹತ್ತಿದರೆ ಮೊದಲು ಸಾಮಾನು ಬರುತ್ತದೆ, ಆಮೇಲೆ ಆ ಸಾಮಾನಿಗೆ ಜಾಗ ಬೇಕಾಗುತ್ತದೆ, ಆಮೇಲೆ ಆ ಜಾಗದಲ್ಲಿದ್ದ ನಮ್ಮ ಸಾಮಾನು ಅಟ್ಟ ಹತ್ತುತ್ತದೆ. ಕೊನೆಗೊಂದು ದಿನ ಹವ್ಯಾಸದ ಸುದ್ದಿಯೇ ನಿಂತುಹೋಗುತ್ತದೆ. ಅಟ್ಟ ಹತ್ತಿದ ಸಾಮಾನು ಮಾತ್ರ ಇಳಿಯುವುದಿಲ್ಲ.

ನಮ್ಮವರು ಹೊಸನಗರದಲ್ಲಿ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಮೊದಲು ಕೊಳಲು ಬಂತು. ಅದು ಉಸಿರು ಬಿಡುವುದನ್ನು ಕಲಿತಿತೇ ಹೊರತು ಸ್ವರ ಬಿಡುವುದನ್ನು ಕಲಿಯಲಿಲ್ಲ. ಆಮೇಲೆ ಜೇನುಪೆಟ್ಟಿಗೆ ಬಂತು. ಇವರು ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ಕುಶಲ ವಿಚಾರಿಸಿದ್ದರಿಂದ ಬೇಸತ್ತ ಹುಳುಗಳು ಒಂದು ಬೆಳಿಗ್ಗೆ ಸಂಸಾರಸಮೇತ ಎದ್ದು ಹೋದವು. ಅವುಗಳ ಧೈರ್ಯ ನನಗಿರಲಿಲ್ಲ. ಅದಾದ ಮೇಲೆ ಬಂದದ್ದು ಚಾಕು.

ಒಂದು ಸಂಜೆ ಮೊಬೈಲಿನಿಂದ ತಲೆಯೆತ್ತಿ ಹೇಳಿದರು: "ನೋಡು ಮಾರಾಯ್ತಿ, ಜೀವಮಾನ ಇಡೀ ಸಹಿ ಹಾಕಿದ್ದೇ ಆಯ್ತು. ಇದು ನಾನು ಕೈಯಾರೆ ಮಾಡಿದ್ದು ಅಂತ ತೋರ್ಸಕ್ಕೆ ಒಂದು ಸಾಮಾನಿಲ್ಲ. ಉಕ್ಕಿನ ಪಟ್ಟಿ ತಂದು, ಕಾಯ್ಸಿ, ಬಡ್ದು, ಒಂದು ಚಾಕು ಮಾಡ್ತೀನಿ. ನೀನು ಅದ್ರಲ್ಲೇ ಅಡಿಗೆ ಮಾಡ್ಬೇಕು."

"ಚಾಕು ಅಂಗಡೀಲಿ ಸಿಗಲ್ವಾ?"

"ಸಿಗೋದು ಬೇರೆ, ಮಾಡೋದು ಬೇರೆ."

"ಮಾಡಿ. ನನ್ನ ಅಡಿಗೆಮನೆ ಹೊಸ್ತಿಲು ಮಾತ್ರ ಅದು ದಾಟೋದು ಬ್ಯಾಡ."

ಹೀಗೆ ಎರಡು ಪಕ್ಷಗಳಾದವು. ಆ ಚಾಕುವಿನಲ್ಲಿ ನಾನು ಒಂದು ಹೊತ್ತಿನ ಅಡಿಗೆಯನ್ನಾದರೂ ಮಾಡಬೇಕೆಂಬುದು ಅವರ ಆಸೆ. ಮಾಡುವುದಿಲ್ಲವೆಂಬುದು ನನ್ನ ಹಟ. ಕೊಳಲನ್ನು ಸಹಿಸಿದ್ದೆ, ಜೇನನ್ನು ಸಹಿಸಿದ್ದೆ. ಅವೆರಡೂ ಜಗಲಿಯಿಂದ ಒಳಗೆ ಬಂದಿರಲಿಲ್ಲ. ಚಾಕು ಎಂದರೆ ನೇರ ನನ್ನ ಕೈಗೇ ಬರುವ ಹವ್ಯಾಸ. ನನ್ನ ಬಳಿ ತೀರ್ಥಹಳ್ಳಿಯ ತವರಿನಿಂದ ತಂದ ಒಂದು ಚಾಕು ಇತ್ತು. ಮಸೆದು ಮಸೆದು ಮೀನಿನ ಮುಳ್ಳಿನಷ್ಟು ಸಪೂರವಾಗಿತ್ತು, ಆದರೂ ಹೇಳಿದ ಹಾಗೆ ಕೇಳುತ್ತಿತ್ತು. ಮನೆಯಲ್ಲಿ ಹೇಳಿದ ಹಾಗೆ ಕೇಳುವುದು ಅದೊಂದೇ.

ಇವರು ನೋಡುತ್ತಿದ್ದ ವಿಡಿಯೋಗಳನ್ನು ನಾನೂ ಇಣುಕಿ ನೋಡಿದೆ. ಎದೆಯವರೆಗೆ ಗಡ್ಡ ಬಿಟ್ಟ ಬಿಳಿ ದೊರೆಗಳು ಚರ್ಮದ ಏಪ್ರನ್ ಕಟ್ಟಿಕೊಂಡು, ಕಬ್ಬಿಣದ ಮೇಲೆ ಏನೋ ಹಳೆಯ ದ್ವೇಷವಿದ್ದವರ ಹಾಗೆ ಬಡಿಯುತ್ತಾರೆ. ಕೊನೆಯಲ್ಲಿ ಫಳಫಳ ಹೊಳೆಯುವ ಚಾಕುವಿನಿಂದ ಕಾಗದ ಕತ್ತರಿಸಿ ತೋರಿಸುತ್ತಾರೆ. ಕಾಗದ ಕತ್ತರಿಸಲು ಮನೆಯಲ್ಲಿ ಕತ್ತರಿ ಇರುವುದಿಲ್ಲವೇ? ಅಷ್ಟು ವಿಡಿಯೋಗಳಲ್ಲಿ ಒಬ್ಬನಾದರೂ ಒಂದು ಹಾಗಲಕಾಯಿ ಹೆಚ್ಚಿದ್ದನ್ನು ನಾನು ನೋಡಲಿಲ್ಲ.

ಹಾಗೆ ನೋಡಿದರೆ ಈ ಚಾಕು ಎಂಬ ಪದಾರ್ಥವೇ ನಮ್ಮ ಅಡಿಗೆಮನೆಗೆ ಇತ್ತೀಚಿನ ನೆಂಟ. ನಮ್ಮಲ್ಲಿ ಇದ್ದದ್ದು ಈಳಿಗೆ ಮಣೆ, ಮೆಟ್ಟುಗತ್ತಿ. ಅಲ್ಲಿ ಅಲಗು ಗಂಭೀರವಾಗಿ ಒಂದೇ ಕಡೆ ಕೂತಿರುತ್ತದೆ. ತರಕಾರಿಯೇ ಅದರ ಬಳಿಗೆ ಹೋಗಿ ತುಂಡಾಗಿ ಬರಬೇಕು. ಪರದೇಶದವರಲ್ಲಿ ತರಕಾರಿ ಕೂತಿರುತ್ತದೆ, ಅಲಗು ಅದರ ಮೇಲೆ ಎರಗುತ್ತದೆ. ಇದರಿಂದ ಎರಡು ನಾಗರಿಕತೆಗಳ ಸ್ವಭಾವವನ್ನೇ ಹೇಳಿಬಿಡಬಹುದೆಂದು ನನಗೆ ಒಂದು ಮಧ್ಯಾಹ್ನ ಬಸಳೆ ಹೆಚ್ಚುವಾಗ ಹೊಳೆದಿತ್ತು. ಮಂಡಿ ನೋವು ಶುರುವಾಗಿ ನಾನೂ ನಿಂತು ಹೆಚ್ಚುವ ಕಟ್ಟೆಗೆ ಬಡ್ತಿ ಪಡೆದ ಮೇಲೆ ಆ ಸಿದ್ಧಾಂತವನ್ನು ಅಲ್ಲಿಗೇ ಬಿಟ್ಟೆ.

ಇವರಿಗೆ ಗುರುವಾಗಿ ಸಿಕ್ಕಿದವರು ಊರಾಚೆ ಗೇಟು, ಗ್ರಿಲ್ ಮಾಡುವ ಶೇಖರಾಚಾರಿ. ಅವರ ಶೆಡ್ಡಿನ ಮೂಲೆಯಲ್ಲಿ ಅಜ್ಜನ ಕಾಲದ ಕುಲುಮೆಯೊಂದಿದೆ. ಹಾರೆ ಕತ್ತಿಗಳ ಮೊಂಡು ಬಾಯಿ ತಟ್ಟಿಕೊಡಲು ಅದಕ್ಕೆ ಆಗೊಮ್ಮೆ ಈಗೊಮ್ಮೆ ಇದ್ದಿಲು ಬೀಳುತ್ತದೆ, ಅಷ್ಟೆ. "ನಮ್ಮಜ್ಜ ಬಡ್ದ ಕತ್ತೀಲಿ ಈಗ್ಲೂ ಮರ ಕಡೀತಾರೆ ಗೊತ್ತುಂಟಾ" ಎಂದು ಆಚಾರ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಅಜ್ಜನ ಸುತ್ತಿಗೆ ಅವರ ಪಾಲಿಗೆ ಬಂದಿತ್ತು, ಸಂಶಯವಿಲ್ಲ. ಬೇರೇನೂ ಬಂದ ಹಾಗೆ ನನಗೆ ಕಾಣಲಿಲ್ಲ.

ಒಂದು ದಿನ ಮಧ್ಯಾಹ್ನ ಊಟಕ್ಕೂ ಬರದಿದ್ದಾಗ ನಾನೇ ಬುತ್ತಿ ತೆಗೆದುಕೊಂಡು ಹೋದೆ. ಗುರು ಶಿಷ್ಯರಿಬ್ಬರೂ ತಲೆಗೆ ತಲೆ ತಾಗಿಸಿ ಮೊಬೈಲು ನೋಡುತ್ತಿದ್ದರು. ಬಡಿಯುವ ಅಡಿಗಲ್ಲಿನ ಮೇಲೆ ಕಬ್ಬಿಣ ಕೆಂಪು ಕಳೆದುಕೊಂಡು ಕಪ್ಪಾಗಿ ಮಲಗಿತ್ತು.

"ಆಚಾರ್ರೆ, ಕಬ್ಬಿಣ ತಣ್ಣಗಾಯ್ತಲ್ಲ?"

"ಇರ್ಲಿ ಅಮ್ಮ, ವಿಡಿಯೋ ಮುಗೀಲಿ. ಬಿಸಿ ಇರೋವಾಗ್ಲೇ ಬಡೀಬೇಕು ಅಂತ ಹೇಳ್ತಿದಾರೆ."

ನಾನು ಬುತ್ತಿ ಇಟ್ಟು ನೇರ ಮನೆಗೆ ಬಂದೆ. ನಗಲು ನನಗೆ ಏಕಾಂತ ಬೇಕಿತ್ತು.

ಆಗ ಅವರು ಬಡಿಯುತ್ತಿದ್ದದ್ದು ಮನೆ ಕಟ್ಟುವಾಗ ಉಳಿದಿದ್ದ ಕಂಬಿ. ಉಕ್ಕಿಗೆ ದುಡ್ಡು ಯಾಕೆ ಹಾಕಬೇಕು, ಹಿತ್ತಲಿನಲ್ಲೇ ಬಿದ್ದಿದೆಯಲ್ಲ ಎಂಬುದು ಇಬ್ಬರ ಜಾಣತನ. ಏನೇನೋ ಮಾಡಿ ಅದಕ್ಕೊಂದು ಚಾಕುವಿನ ರೂಪ ಬರಿಸಿದರು. ಹೊಸ್ತಿಲು ದಾಟುವ ಹಾಗಿಲ್ಲವಾದ್ದರಿಂದ ಜಗಲಿಯಲ್ಲೇ ಮಣೆ ಹಾಕಿ ಒಂದು ಮೊಗೆಸೌತೆಕಾಯಿಯನ್ನು ಪರೀಕ್ಷೆಗೆ ಕೂರಿಸಿದರು. ಮೊಗೆಕಾಯಿ ಜಗ್ಗಲಿಲ್ಲ, ಚಾಕು ಬಾಗಿತು. ನೆಟ್ಟಗೆ ಮಾಡಿ ಮತ್ತೆ ಒತ್ತಿದರೆ ಈ ಸಲ ಆಚೆ ಕಡೆಗೆ ಬಾಗಿತು. ಅಷ್ಟು ವಿನಯ ನಾನು ಯಾವ ಕಬ್ಬಿಣದಲ್ಲೂ ಕಂಡಿರಲಿಲ್ಲ.

"ಕಂಬೀಲಿ ಹದ ನಿಲ್ಲಲ್ಲ ಸಾರ್" ಎಂದರಂತೆ ಆಚಾರ್ರು. ಬಡಿಯುವ ಮೊದಲು ಯಾಕೆ ಹೇಳಲಿಲ್ಲವೆಂದು ಇವರು ಕೇಳಿದರೆ, "ನೀವು ಕೇಳ್ಲಿಲ್ಲ" ಎಂದರಂತೆ. ನನಗೆ ಗೊತ್ತು, ಆಚಾರ್ರಿಗೂ ಅದು ಮೊಗೆಕಾಯಿಯ ದಿನವೇ ಗೊತ್ತಾದದ್ದು.

ಆಮೇಲೆ ಕೊರಿಯರಿನಲ್ಲಿ ನಿಜವಾದ ಉಕ್ಕಿನ ಪಟ್ಟಿ ಬಂತು. ಗಣೇಶನ ಹಬ್ಬ ಆಗಷ್ಟೇ ಮುಗಿದಿತ್ತು. ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟಿದ್ದೆ, ಅದು ಕಾಣೆಯಾಯಿತು. ವಿಚಾರಿಸಿದರೆ, ಬಡಿದು ಮುಗಿಸಿದ ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕಂತೆ. ಆಗಲೇ ಉಕ್ಕು ಗಟ್ಟಿಯಾಗುವುದಂತೆ. ಅದ್ದಿದ ದಿನ ಆ ಬೀದಿಗೆಲ್ಲ ಚಕ್ಕುಲಿಯ ವಾಸನೆ ಹರಡಿ, ಆಚಾರ್ರ ಮನೆಯಲ್ಲಿ ಏನು ವಿಶೇಷ ಎಂದು ಹೋಗಿ ಬರುವವರೆಲ್ಲ ಕೇಳಿದರಂತೆ.

ಎಣ್ಣೆಗೇ ಮುಗಿಯಲಿಲ್ಲ. ಹೀಗೆ ಗಟ್ಟಿಯಾದ ಉಕ್ಕು ಗಾಜಿನ ಹಾಗಾಗಿರುತ್ತದೆ, ಕೈತಪ್ಪಿ ಬಿದ್ದರೆ ಎರಡು ಹೋಳು. ಅದನ್ನು ಸಣ್ಣ ಕಾವಿನಲ್ಲಿ ತುಸು ಹೊತ್ತು ಇಟ್ಟು ಬಿಗುವನ್ನು ಸ್ವಲ್ಪ ಇಳಿಸಬೇಕು, ಆಗ ಅದು ಬಾಳಿಕೆ ಬರುತ್ತದೆ ಎಂದು ಇವರು ದೊಡ್ಡ ರಹಸ್ಯ ಹೇಳುವವರ ಹಾಗೆ ನನಗೆ ವಿವರಿಸಿದರು. ಗಟ್ಟಿಯಾಗಿದ್ದರಷ್ಟೇ ಸಾಲದು, ಮುರಿಯದಷ್ಟು ಮೆತ್ತಗೂ ಆಗಬೇಕೆಂಬುದನ್ನು ಕಲಿಯಲು ದೊರೆಗಳ ವಿಡಿಯೋ ಬೇಕಿತ್ತೇ? ಸಂಸಾರ ಮಾಡಿದ ಯಾವ ಹೆಂಗಸನ್ನು ಕೇಳಿದ್ದರೂ ಒಲೆಯ ಮುಂದೆ ನಿಂತೇ ಹೇಳುತ್ತಿದ್ದಳು.

ಸಣ್ಣ ಕಾವಿಗೆ ಅವರು ಕೇಳಿದ್ದು ನನ್ನ ಓವನ್ನು. ಕೊರೊನಾ ಕಾಲದಲ್ಲಿ ಊರಿಗೆ ಊರೇ ಕೇಕ್ ಮಾಡಲು ಹೊರಟಾಗ ನಾನೂ ಹುಚ್ಚು ಹಿಡಿದು ತರಿಸಿದ್ದು. ಅದರಲ್ಲಿ ನಾನು ಬೇಯಿಸಿದ ಒಂದೇ ಒಂದು ಕೇಕಿಗೆ ಆಚಾರ್ರ ಸುತ್ತಿಗೆಯೇ ಬೇಕಾಗಿತ್ತು. ಆ ಮಾತು ಎಲ್ಲಿ ಎತ್ತುತ್ತಾರೋ ಎಂದು ಹೆದರಿ, "ಜಗಲಿಗೆ ತಗೊಂಡೋಗಿ ಎಂತ ಬೇಕಾದ್ರೂ ಬೇಯ್ಸಿಕೊಳ್ಳಿ" ಎಂದೆ. ಇವರು ಅದರ ಮುಂದೆ ಸ್ಟೂಲು ಹಾಕಿಕೊಂಡು, ಗಾಜಿನೊಳಗೆ ಅಲಗು ತಿಳಿಹಳದಿ ಬಣ್ಣಕ್ಕೆ ತಿರುಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂತರು. ನಮ್ಮ ಮಕ್ಕಳ ತೊಟ್ಟಿಲ ಬಳಿ ಇವರು ಅಷ್ಟು ಹೊತ್ತು ಕೂತದ್ದು ನನಗೆ ನೆನಪಿಲ್ಲ.

ಅಂತೂ ಚಾಕು ಆಯಿತು. ಮುರಿದ ಬೀಟೆ ಕುರ್ಚಿಯ ಕಾಲು ಅದರ ಹಿಡಿಯಾಯಿತು. ಬೆನ್ನಿನ ಮೇಲೆ ಸುತ್ತಿಗೆ ಬಿದ್ದ ಗುರುತುಗಳು ಹಾಗೇ ಇದ್ದವು, ತೂಕ ಹೆಚ್ಚುಕಡಿಮೆ ಕಾಯಿ ತುರಿಯುವ ಹೆರೆಮಣೆಯದ್ದು. ಹರಿತ ಮಾತ್ರ ಬಂದಿತ್ತು, ಇಲ್ಲವೆನ್ನಲಾರೆ. ಆ ಹರಿತವನ್ನು ದಿನವೂ ಪರೀಕ್ಷಿಸಿ ಇವರ ಎಡಗೈಯಲ್ಲಿ ಒಂದು ಕೂದಲೂ ಉಳಿಯಲಿಲ್ಲ. ನಾನು ಓದುವ ಮೊದಲೇ ಪೇಪರು ರಿಬ್ಬನ್ನಾಗಿ ಬಿದ್ದಿರುತ್ತಿತ್ತು. ನಾನು ಅಡಿಗೆಮನೆಯಲ್ಲಿ ನನ್ನ ಮುಳ್ಳಿನಂಥ ಚಾಕುವಿನಲ್ಲಿ ಬೀನ್ಸು ಹೆಚ್ಚುತ್ತಿದ್ದರೆ, ಇವರು ಹೊಸ್ತಿಲಿನಾಚೆ ಅದನ್ನು ಒರೆಸುತ್ತ ನಿಂತಿರುತ್ತಿದ್ದರು. ತಗೋ ಎಂದು ಬಾಯಿಬಿಟ್ಟು ಹೇಳಲಿಲ್ಲ. ಕೊಡಿ ಎಂದು ನಾನೂ ಹೇಳಲಿಲ್ಲ.

ಆಯುಧ ಪೂಜೆಗೆ ಕೆಲವು ದಿನ ಇರುವಾಗ ನನ್ನ ತಮ್ಮ ಬಂದ. ಅವನು ಮೇಗರವಳ್ಳಿಯ ಹತ್ತಿರ ಹೋಂಸ್ಟೇ ಇಟ್ಟಿದ್ದಾನೆ. ಚಾಕು ನೋಡಿದ್ದೇ ಅವನ ಕಣ್ಣರಳಿತು.

"ಭಾವ, ಎಂತ ಸಾಮಾನು ಮಾರಾಯ್ರೆ ಇದು! ಇದು ಚಾಕು ಅಲ್ಲ, ಕಲೆ. ನಮ್ಮ ಹಾಲ್ ಗೋಡೆಗೆ ಹಾಕಿ ಮೇಲೊಂದು ಲೈಟ್ ಬಿಡ್ತೀನಿ. ಬಂದೋರೆಲ್ಲ ಫೋಟೋ ತೆಗೀತಾರೆ ನೋಡಿ."

ಅವನ ಆ ಗೋಡೆ ನನಗೆ ಗೊತ್ತು. ಅಲ್ಲಿ ಉಳುವುದನ್ನು ಬಿಟ್ಟ ನೇಗಿಲು ಇದೆ, ಅಳೆಯುವುದನ್ನು ಬಿಟ್ಟ ಸೇರು ಇದೆ, ಉರಿಯದ ಲಾಟೀನು ಇದೆ. ಎಲ್ಲಕ್ಕೂ ವಾರ್ನಿಷು. ಬಂದವರು ಅವುಗಳ ಮುಂದೆ ನಿಂತು ಆಹಾ ಎನ್ನುತ್ತಾರೆ, ಯಾರೂ ಮುಟ್ಟುವುದಿಲ್ಲ. ಇವರು ಅಡಿಗೆಮನೆಯ ಕಡೆ ನೋಡಿ, "ಆಗ್ಲಿ. ಇಲ್ಲಿ ಹೆಂಗೂ ಯಾರಿಗೂ ಬ್ಯಾಡ. ಹಬ್ಬದ ದಿನ ಪೂಜೆ ಆದ್ಮೇಲೆ ಬಂದು ತಗೊಂಡೋಗು" ಎಂದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಕ್ಷಣಕ್ಕೆ ಗೊತ್ತಾಗಲಿಲ್ಲ. ಆಹಾ ಎನ್ನುವ ತಮ್ಮನ ಮೇಲೋ, ಆಗ್ಲಿ ಎಂದ ಇವರ ಮೇಲೋ, ಹೊಸ್ತಿಲು ಕಾದ ನನ್ನ ಮೇಲೋ. ಒಂದು ಹಸಿಮೆಣಸನ್ನೂ ಹೆಚ್ಚದ ಚಾಕು ಹೀಗೆ ಹಾರ ಹಾಕಿಸಿಕೊಂಡು ನಿವೃತ್ತಿಯಾಗುವುದೆಂದರೆ ಏನರ್ಥ? ಮನೆಯಲ್ಲಿ ನಿವೃತ್ತರು ಒಬ್ಬರು ಸಾಲದೇ?

ಆಯುಧ ಪೂಜೆಯ ದಿನ ಮನೆಯ ಅಲಗುಗಳಿಗೆಲ್ಲ ರಜೆ. ಕತ್ತಿ, ಕೊಡಲಿ, ಮೆಟ್ಟುಗತ್ತಿ, ಕತ್ತರಿ ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟು ದೇವರ ಮುಂದೆ ಸಾಲಾಗಿ ಮಲಗಿಸುತ್ತೇವೆ. ಮಾರನೆಯ ದಿನದವರೆಗೆ ಯಾರೂ ಅವುಗಳಿಂದ ಕೆಲಸ ತೆಗೆಯುವ ಹಾಗಿಲ್ಲ. ಅಂದು ಹಬ್ಬದ ಅಡಿಗೆ ಮಾತ್ರ ಆಗಬೇಕು, ಹತ್ತು ಜನಕ್ಕೆ ಕುಂಬಳಕಾಯಿ ಹುಳಿ ಆಗಬೇಕು. ಯಾವುದರಿಂದ ಹೆಚ್ಚುತ್ತೀರಿ ಎಂದು ಪೂಜೆಗೆ ಕೂತ ಯಾವ ಗಂಡಸೂ ಈವರೆಗೆ ಕೇಳಿಲ್ಲ. ಆದ್ದರಿಂದ ಪ್ರತಿ ಮನೆಯಲ್ಲೂ ಹೆಂಗಸರು ಒಂದೇ ಒಂದು ಚಾಕುವನ್ನು ದೇವರಿಗೆ ತೋರಿಸದೆ ಹಿಂದೆ ಇಟ್ಟುಕೊಳ್ಳುತ್ತಾರೆ. ಅದು ಕೆಟ್ಟ ಚಾಕುವಲ್ಲ. ಯಾವುದಿಲ್ಲದೆ ಆ ದಿನ ನಡೆಯುವುದಿಲ್ಲವೋ ಅದು. ನನ್ನ ತವರಿನ ಚಾಕುವಿಗೆ ಈ ಕಾರಣದಿಂದ ಒಮ್ಮೆಯೂ ಕುಂಕುಮ ಬಿದ್ದಿರಲಿಲ್ಲ.

ಅಂದು ಬೆಳಿಗ್ಗೆ ಇವರು ತಮ್ಮ ಚಾಕುವನ್ನು ಸಾಲಿನ ನಟ್ಟನಡುವೆ, ಕೆಂಪು ದಾಸವಾಳವಿಟ್ಟು ಮಲಗಿಸಿದ್ದರು. ಇನ್ನೂ ಕುಂಕುಮ ಹಚ್ಚಿರಲಿಲ್ಲ, ದೀಪ ಹಚ್ಚಿರಲಿಲ್ಲ. ನಾನು ಹೋಗಿ ಹೂವು ಬದಿಗಿಟ್ಟು ಅದನ್ನು ಎತ್ತಿಕೊಂಡೆ. ಇವರ ಮುಖ ಸಣ್ಣದಾಯಿತು.

"ಪೂಜೆಗೂ ಬ್ಯಾಡ್ವಾ ಅದು?"

"ಪೂಜೆಗೆ ಇಟ್ರೆ ಕುಂಬಳಕಾಯಿ ಹೆಚ್ಚೋದು ಯಾವುದ್ರಲ್ಲಿ, ನಿಮ್ಮ ಕೊಳಲಲ್ಲಾ?"

ನನ್ನ ಹಳೆಯ ಚಾಕುವನ್ನು ತಂದು ಆ ಖಾಲಿ ಜಾಗದಲ್ಲಿ ಮಲಗಿಸಿ, ಕುಂಕುಮ ನಾನೇ ಹಚ್ಚಿದೆ. ಅದಕ್ಕೂ ಒಂದು ರಜೆ ಸಲ್ಲಬೇಕಾಗಿತ್ತು. ಇವರು ನನ್ನ ಹಿಂದೆಯೇ ಅಡಿಗೆಮನೆಯ ಹೊಸ್ತಿಲವರೆಗೆ ಬಂದರು. ನಾನು ಒಳಗೆ ಹೋಗಿ ಕುಂಬಳಕಾಯಿಯನ್ನು ಕಟ್ಟೆಯ ಮೇಲಿಟ್ಟು ಒತ್ತಿದೆ. ಸಿಪ್ಪೆ ಕಲ್ಲಿನಂತಿತ್ತು. ಚಾಕು ಎಲ್ಲೂ ತಡೆಯದೆ ಕೆಳಗಿನ ಮಣೆಯವರೆಗೆ ಇಳಿಯಿತು. ಚೆನ್ನಾಗಿದೆ ಎಂದು ಹೇಳುವ ಅಭ್ಯಾಸ ನನಗಿಲ್ಲ.

"ಹಿಡಿ ದಪ್ಪ ಆಯ್ತು. ಕೈ ನೋಯುತ್ತೆ. ಮುಂದಿಂದು ಸಪೂರ ಮಾಡಿ" ಎಂದೆ.

ಗೋಡೆಯ ಮೇಲಿರುವುದನ್ನು ಯಾರೂ ಬೈಯುವುದಿಲ್ಲ, ಗಮನಿಸಿದ್ದೀರಾ? ಒಲೆ ಉರಿಯುತ್ತಿಲ್ಲ, ಮಿಕ್ಸಿ ಸದ್ದು ಮಾಡುತ್ತದೆ, ಕೊಡೆ ಸೋರುತ್ತದೆ, ಗಂಡ ಮಾತು ಕೇಳುವುದಿಲ್ಲ ಎಂದು ನಾವು ದಿನವೂ ಬೈಯುವುದು ಬಳಕೆಯಲ್ಲಿರುವವುಗಳನ್ನು ಮಾತ್ರ. ಈ ಲೆಕ್ಕದಲ್ಲಿ ನಮ್ಮವರಿಗೆ ಇನ್ನೂ ನಿವೃತ್ತಿಯೇ ಆಗಿಲ್ಲ. ಇದನ್ನು ಅವರಿಗೆ ಹೇಳಿದವರಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಮಧ್ಯಾಹ್ನ ತಮ್ಮ ಬಂದವನೇ ದೇವರ ಮುಂದಿನ ಸಾಲು ನೋಡಿ, "ಭಾವ, ಚಾಕು ಎಲ್ಲಿ?" ಎಂದು ಕೇಳಿದ.

"ಅದು ಡ್ಯೂಟಿಲಿದೆ" ಎಂದರು ಇವರು, ಕಚೇರಿಯ ಕಾಲದ ಹಳೆಯ ಗತ್ತಿನಲ್ಲಿ.

ಅಷ್ಟು ಹೇಳಿ ಒಳಗೆ ಬಂದು, ಹೂ ಕಟ್ಟುವ ದಾರವನ್ನು ಒಂದು ಗೇಣು ಹರಿದು, ಹುಳಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಬಲಗೈಯನ್ನು ಹಿಡಿದು, ಅಂಗೈಯ ಸುತ್ತ ದಾರ ಸುತ್ತಿ ಹಿಡಿಗೆ ಅಳತೆ ತೆಗೆದರು. ಒಗ್ಗರಣೆ ಸೀದು ಕಪ್ಪಾಯಿತು. ಮದುವೆಯಾದಾಗಿನಿಂದ ಒಂದು ಜೊತೆ ಬಳೆಗಾದರೂ ಈ ಕೈಯ ಅಳತೆ ಕೇಳಿದವರಲ್ಲ ಇವರು.